ಹೊಡೆದವನ ತಾಟು

ಹಿಂದೆ ನಮ್ಮ ಓಣಿಯಲ್ಲಿದ್ದಾಕೆ ಲಕ್ಷ್ಮೇಶ್ವರದಲ್ಲಿ ತೀರಿಕೊಂಡ ಸುದ್ದಿ ತಿಳಿದು ಮಾತಾಡಿಸಿ ಬರಲು ಹೋಗಿದ್ದೆ. ಅಂಗಳದಲ್ಲಿ ಕುಳಿತಿದ್ದ ಹೆಂಗಸರೆಲ್ಲ ಒಂದೇ ರಾಗ ಎಳೆಯುತ್ತಿದ್ದರು. "ಭಾಳ ಸಮಾಧಾನದ ಜೀವ ರೀ. ಒಬ್ಬರಿಗೂ ಎದುರಾಡಿದಾಕಿ ಅಲ್ಲ." ನಾನು ಹಲ್ಲು ಕಚ್ಚಿಕೊಂಡು ಕುಳಿತೆ. ಸತ್ತವರ ಮನೆಯಲ್ಲಿ ಜಗಳ ತೆಗೆಯಬಾರದು ಎಂಬಷ್ಟು ಬುದ್ಧಿ ನನಗೂ ಇದೆ. ಆದರೆ ಗದಗಿಗೆ ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತಿನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಸಮಾಧಾನದ ಜೀವವಂತೆ! ಗಂಡನನ್ನು, ತಮ್ಮನನ್ನು, ಬೆಟಗೇರಿಯ ನಮ್ಮ ಓಣಿಯನ್ನು ಇಡಿಯಾಗಿ ಎದುರು ಹಾಕಿಕೊಂಡ ಹೆಂಗಸು ಆಕೆ. ಅಂಥವಳನ್ನು ಹೀಗೆ ಮೆತ್ತಗೆ ಮಾಡಿ ಮಣ್ಣಿಗೆ ಕಳಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಓಣಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರು ಕಡಿಮೆ. ಬಣ್ಣದಾಕಿ ಎಂದರೆ ಸಾಕಿತ್ತು. ಗಂಡ ಹೆಂಡತಿ ಇಬ್ಬರೂ ನೇಕಾರರ ನೂಲಿಗೆ ಬಣ್ಣ ಹಾಕುವವರು. ಹಿತ್ತಿಲಲ್ಲಿ ದೊಡ್ಡ ತಾಮ್ರದ ಹಂಡೆ, ಕೆಳಗೆ ಕಟ್ಟಿಗೆಯ ಬೆಂಕಿ, ಹಂಡೆಯ ಮೇಲೆ ಬಿದಿರಿನ ಕೋಲಿಗೆ ನೇತುಹಾಕಿದ ನೂಲಿನ ಲಡಿಗಳು. ಆಕೆಯ ಕೈ ಮೊಣಕೈಯವರೆಗೆ ಒಂದು ವಾರ ನೀಲಿ, ಇನ್ನೊಂದು ವಾರ ಕೆಂಪು. ಮದುವೆಗಳಲ್ಲಿ ಯಾರಾದರೂ ಮೆಹಂದಿ ಹಚ್ಚಲು ಬಂದರೆ ಕೈ ಮುಂದೆ ಚಾಚಿ, "ಜಾಗಾ ಇದ್ರ ಹಚ್ಚವ್ವ" ಎನ್ನುತ್ತಿದ್ದಳು. ಮೈಕಟ್ಟು ಸಣ್ಣದು. ದನಿ ಮಾತ್ರ ಹಂಡೆಯೊಳಗಿಂದ ಬಂದ ಹಾಗೆ ಗುಂಯ್ ಎನ್ನುತ್ತಿತ್ತು.

ನಾನು ಮುಂಡರಗಿಯ ಹುಡುಗಿ. ಮದುವೆಯಾಗಿ ಆ ಓಣಿಗೆ ಬಂದವಳು. ನಮ್ಮ ಯಜಮಾನರು ರೈಲ್ವೆ ಗಾರ್ಡ್. ಗಾಡಿಗೆ ಹಸಿರು, ಕೆಂಪು ಬಾವುಟ ತೋರಿಸುವ ಮನುಷ್ಯ ಮನೆಯ ವಿಷಯ ಬಂದರೆ ಯಾವ ಬಾವುಟವನ್ನೂ ತೋರಿಸದೆ ಪೇಪರು ಓದುತ್ತಿದ್ದರು. ಅರ್ಧ ವಾರ ಊರಲ್ಲೇ ಇರುತ್ತಿರಲಿಲ್ಲ. ಹಾಗಾಗಿ ಮನೆಯ ರಗಳೆಯೆಲ್ಲ ನನ್ನ ತಲೆಯ ಮೇಲೆಯೇ. ಬಣ್ಣದಾಕಿ ನನ್ನನ್ನು ಗಾರ್ಡ್‌ಬಾಯಿ ಎಂದು ಕರೆಯುತ್ತಿದ್ದಳು. ಅವಳ ಮಗ ಮತ್ತು ನನ್ನ ಮಗ ಒಂದೇ ಶಾಲೆಯಲ್ಲಿದ್ದರು. ಅವಳ ಮಗ ಎರಡು ವರ್ಷ ದೊಡ್ಡವನು, ಎತ್ತರದಲ್ಲಿ ಇನ್ನೂ ದೊಡ್ಡವನು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಗದಗಿನ ಹತ್ತಿ ಮಾರ್ಕೆಟ್ಟಿನಲ್ಲಿ ಲಾರಿಗಳಿಂದ ಹತ್ತಿ ತುಂಬಿದ ಅಂಡಿಗೆ ಇಳಿಸುವ ಹಮಾಲರಲ್ಲಿ ಎರಡು ಗುಂಪುಗಳಾಗಿದ್ದವು. ಯಾವ ಲಾರಿ ಯಾರಿಗೆ ಎನ್ನುವುದೇ ಜಗಳ. ಎರಡರಲ್ಲೂ ಎಲ್ಲ ಜಾತಿಯವರಿದ್ದರು, ಎರಡಕ್ಕೂ ಒಂದೊಂದು ಕುಸ್ತಿಯ ತಾಲೀಮು, ಅಂದರೆ ಗರಡಿ, ಇತ್ತು. ಒಂದು ನಮ್ಮ ಓಣಿಯ ತುದಿಗೆ, ಇನ್ನೊಂದು ಹಿಂದಿನ ಓಣಿಯಲ್ಲಿ. ಮಾರ್ಕೆಟ್ಟಿನಲ್ಲಿ ಹತ್ತಿದ ಕಿಡಿ ಸಂಜೆಗೆ ಓಣಿಗೆ ಬರುತ್ತಿತ್ತು. ಸೈಕಲ್ ಚೈನು, ಸೋಡಾ ಬಾಟ್ಲಿ, ಬಡಿಗೆ. ದೀಪ ಹಚ್ಚುವ ಹೊತ್ತಿಗೆ ನಾವು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಹುಡುಗರು ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಬೆಳಿಗ್ಗೆ ಶಾಲೆಗೆ ಹೋಗಿ ಅದನ್ನೇ ಆಡುತ್ತಿದ್ದರು. ಮೊದಲು ಆಟ, ಆಮೇಲೆ ಖರೆ ಹೊಡೆತ. ಸಣ್ಣ ಹುಡುಗರ ಬುತ್ತಿ ಕಸಿಯುವುದು, ಮೂಗಿಗೆ ಗುದ್ದುವುದು, ಪಾಟೀಚೀಲ ಬಾವಿಗೆ ಎಸೆಯುವುದು.

ಓಣಿಯ ಗಂಡಸರಿಗೆ ಇದು ಚಿಂತೆಯಾಗಲಿಲ್ಲ, ಹೆಮ್ಮೆಯಾಯಿತು. ಮಗ ಅಳುತ್ತ ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ತಡೆಯುತ್ತಿದ್ದ. "ಹೊಡಿಸಿಕೊಂಡು ಬಂದ್ಯಾ? ಹೋಗು, ಹೊಡದು ಬಾ. ಅಲ್ಲೀತನಕ ಮನ್ಯಾಗ ಕೂಳಿಲ್ಲ." ಮನೆ ಮನೆಯಲ್ಲೂ ಈ ಕಾನೂನೇ. ಹಸಿದ ಹುಡುಗ ಹೋಗಿ ತನಗಿಂತ ಸಣ್ಣವನನ್ನು ಹುಡುಕಿ ಹೊಡೆದು ಬಂದು ಊಟಕ್ಕೆ ಕೂರುತ್ತಿದ್ದ. ಹೀಗೆ ಹೊಡೆತ ದೊಡ್ಡವರಿಂದ ಸಣ್ಣವರಿಗೆ ಇಳಿಯುತ್ತ ಇಳಿಯುತ್ತ ಒಂದು ದಿನ ನನ್ನ ಮಗನ ಬಾಯಿಗೆ ಬಂತು. ಮುಂದಿನ ಹಲ್ಲು ಅರ್ಧ ಮುರಿದು, ಅಂಗಿಯ ತುಂಬ ರಕ್ತ ಮಾಡಿಕೊಂಡು ಬಂದ. ಹೊಡೆದವನು ಬಣ್ಣದಾಕಿಯ ಮಗ.

ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಹೊರಟೆ. ಅವಳ ಮನೆ ಮುಟ್ಟುವ ಮೊದಲೇ ಅವಳೇ ಎದುರಿಗೆ ಬಂದಳು. ಒಂದು ಕೈಯಲ್ಲಿ ಮಗನ ರಟ್ಟೆ, ಇನ್ನೊಂದರಲ್ಲಿ ಒಂದು ಜರ್ಮನ್ ತಾಟು. ನೆಗ್ಗಿದ, ಖಾಲಿ ಅಲ್ಯುಮಿನಿಯಂ ತಾಟು. ಸೀದಾ ನಮ್ಮ ಕಟ್ಟೆಗೆ ಬಂದು ಮಗನನ್ನು ಕೂರಿಸಿ ಅವನ ಮುಂದೆ ತಾಟು ಇಟ್ಟಳು.

"ಗಾರ್ಡ್‌ಬಾಯಿ, ಇವಗ ಉಣ್ಣಾಕ ನೀಡ್ರಿ."

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ಏನಂದಿ?"

"ನಮ್ಮ ಮನ್ಯಾಗ ಇವತ್ತು ಇವಗ ಕೂಳಿಲ್ಲ. ಯಾರಿಗೆ ಹೊಡದಾನೋ ಅವರ ಮನ್ಯಾಗ ಉಣ್ಣಬೇಕು. ತಾಟು ನಮ್ಮದ ತಂದೀನಿ, ನಿಮ್ಮ ತಾಟು ಮೈಲಿಗಿ ಆಗಂಗಿಲ್ಲ. ಉಂಡು ತೊಳಕೊಂಡು ಬರತಾನ."

"ನನ್ನ ಮಗನ ಹಲ್ಲು ಮುರದಾನ. ಅವನಿಗೆ ನಾನು ರೊಟ್ಟಿ ಬಡೀಲೇನು?"

"ಅದಕ್ಕ ನೀವ ನೀಡಬೇಕು. ಬೈರಿ, ಹೊಡಿಬ್ಯಾಡ್ರಿ. ಬೈಕೋತ ನೀಡ್ರಿ." ಅಷ್ಟು ಹೇಳಿ ತಿರುಗಿ ನೋಡದೆ ಹೋದಳು. ಹಂಡೆಯಲ್ಲಿ ನೂಲು ಇತ್ತಲ್ಲ, ಬಿಟ್ಟರೆ ಬಣ್ಣ ಪಟ್ಟೆಪಟ್ಟೆ ಆಗುತ್ತದೆ.

ಕಟ್ಟೆಯ ಮೇಲೆ ಆ ಹುಡುಗ, ಒಳಗೆ ನನ್ನ ಮಗ, ನಡುವೆ ನಾನು. ಓಣಿಯ ಹತ್ತಾರು ಕಣ್ಣುಗಳು. ಮನಸ್ಸಿಗೆ ಬಂದದ್ದನ್ನೆಲ್ಲ ಬೈದೆ. ಅವನು ತಲೆ ಎತ್ತಲಿಲ್ಲ. ಕೊನೆಗೆ ರೊಟ್ಟಿ ತಂದು ತಾಟಿಗೆ ಎಸೆದ ಹಾಗೆ ಹಾಕಿದೆ, ಕಡಲೆಹಿಟ್ಟಿನ ಜುಣಕದ ವಡಿ ಹಾಕಿದೆ. ಅವನು ಒಂದು ತುತ್ತು ಬಾಯಿಗಿಟ್ಟು ಅಗಿಯುತ್ತಲೇ ಇದ್ದ, ನುಂಗಲಾಗುತ್ತಿರಲಿಲ್ಲ. ಒಳಗಿನಿಂದ ನನ್ನ ಮಗ ಬಾಯಿಗೆ ಬಟ್ಟೆ ಹಿಡಿದುಕೊಂಡು ಬಂದು ಅವನನ್ನೇ ನೋಡುತ್ತ ನಿಂತ. "ನೀರ ಕೊಡವ್ವ ಅವಗ, ಉಸುರು ಸಿಗಬೀಳತೈತಿ" ಅಂದ. ನಾನು ನೀರು ಕೊಟ್ಟೆ.

ಮರುದಿನ ಅವಳ ಹಿತ್ತಿಲಿಗೆ ಹೋಗಿ ಕೇಳಿದೆ, ಇದೆಂಥ ರೀತಿ, ಮಗನ ಬಾಯಿಂದ ತಪ್ಪಾಯಿತು ಎನ್ನಿಸಿದ್ದರೆ ಸಾಕಿತ್ತಲ್ಲ ಎಂದು. ಅವಳು ಕೋಲಿನಿಂದ ಲಡಿ ತಿರುವುತ್ತಲೇ ಹೇಳಿದಳು. "ತಪ್ಪಾತು ಅನ್ನಂದ್ರ ಅಂತಾನ. ಬಾಯಿಗೇನು ತ್ರಾಸು? ಹೊಡದಾವನ ಕಣ್ಣಿಗೆ ಹೊಡಿಸಿಕೊಂಡಾವ ಮನಿಷ್ಯಾ ಕಾಣಂಗಿಲ್ರಿ. ಅವನ ಮನಿ ನೋಡಬೇಕು, ಅವನ ಅವ್ವನ ಮಾರಿ ನೋಡಬೇಕು, ಆಕಿ ನೀಡಿದ್ದು ಗಂಟಲದಾಗ ಇಳೀಬೇಕು. ಆಮ್ಯಾಲೆ ಎತ್ತಲಿ ಕೈ." ಜನ ನಗುತ್ತಾರೆ ಎಂದೆ. "ನಗಲಿ ಬಿಡ್ರಿ. ಅಳೋರಕಿಂತ ನಗೋರು ಚೊಲೋ."

ಆಮೇಲೆ ಆ ತಾಟು ನಮ್ಮ ಓಣಿಯ ಅನೇಕ ಕಟ್ಟೆಗಳನ್ನು ನೋಡಿತು. ನೀಡಲು ಒಪ್ಪದವರಿದ್ದರು. ಒಬ್ಬಳು ಬಾಗಿಲು ಹಾಕಿಕೊಂಡಳು. ಬಣ್ಣದಾಕಿ ಮಗನ ಜೊತೆ ತಾನೂ ಅಲ್ಲೇ ಕುಳಿತಳು, ಬಾಗಿಲು ತೆಗೆಯುವ ತನಕ. ಇಂಥವಳನ್ನು ಸಮಾಧಾನದ ಜೀವ ಎನ್ನುವವರು ಆ ಬಾಗಿಲಿನ ಒಳಗೆ ಇರಬೇಕಿತ್ತು.

ಈ ಸುದ್ದಿ ತಡವಾಗಿ ಅವಳ ಗಂಡನ ಕಿವಿಗೆ ಬಿತ್ತು. ಆತ ಕೆಲಸದಲ್ಲಿ ನಾಜೂಕಿನವನು. ಎಂಥ ನಸುಗೆಂಪು ಕೇಳಿದರೂ ತಪ್ಪದೆ ಹಾಕಿಕೊಡುತ್ತಿದ್ದ. ಮಗನ ವಿಷಯದಲ್ಲಿ ಮಾತ್ರ ಅವನಿಗೆ ಗೊತ್ತಿದ್ದದ್ದು ಗೋಡೆಯ ಮೊಳೆಗೆ ತೂಗುಹಾಕಿದ ಚರ್ಮದ ಬೆಲ್ಟ್ ಒಂದೇ. ಹೊಡೆದು ಬಂದರೂ ಬೆಲ್ಟ್, ಹೊಡಿಸಿಕೊಂಡು ಬಂದರೂ ಬೆಲ್ಟ್. ಮಗ ಮಂದಿಯ ಕಟ್ಟೆಯ ಮೇಲೆ ತಾಟು ಹಿಡಿದು ಕೂತು ಮರ್ಯಾದೆ ಕಳೆದ ಎಂದು ಅವತ್ತು ರಾತ್ರಿ ಬೆನ್ನು ಸುಲಿದ. ಮರುದಿನ ಆ ಹುಡುಗ ಶಾಲೆಯಲ್ಲಿ ಒಬ್ಬ ಕುಂಟ ಹುಡುಗನ ಮೇಲೆ ಬಿದ್ದ. ಬಣ್ಣದಾಕಿ ಆ ಹುಡುಗನ ಮೈಯನ್ನು ತಾನೇ ಹೋಗಿ ನೋಡಿ ಬಂದಳು. ತನ್ನ ಮಗ ಸೊಂಟದ ದಾರ ಬಿಚ್ಚಿ ಅದರಿಂದ ಹೊಡೆದಿದ್ದ. ಅಪ್ಪ ಬೆಲ್ಟ್ ಬೀಸುವ ಹಾಗೆಯೇ.

ಅವಳು ಮನೆಗೆ ಬಂದು ಮೊಳೆಯಿಂದ ಬೆಲ್ಟ್ ತೆಗೆದು ಕುದಿಯುವ ಹಂಡೆಗೆ ಹಾಕಿದಳು. ಮಧ್ಯಾಹ್ನದವರೆಗೆ ನೀಲಿ ಬಣ್ಣದಲ್ಲಿ ಕುದಿಸಿದಳು. ಹೊರಗೆ ತೆಗೆದಾಗ ಅದು ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಮುದುರಿಕೊಂಡು ಅರ್ಧಕ್ಕೆ ಇಳಿದಿತ್ತು. ಬಡಿದರೆ ಟಕ್ ಎನ್ನುತ್ತಿತ್ತು. ಅದನ್ನೇ ತಂದು ಮತ್ತೆ ಅದೇ ಮೊಳೆಗೆ ಹಾಕಿದಳು. ಗಂಡ ಸಂಜೆ ಬಂದು ಬೊಬ್ಬೆ ಹೊಡೆದದ್ದು ನಮ್ಮ ಮನೆಯವರೆಗೆ ಕೇಳಿಸಿತು. ಅವಳ ಉತ್ತರವೂ ಕೇಳಿಸಿತು. "ನೀ ಮನ್ಯಾಗ ಇವಗ ಹೊಡದ್ರ ಇವಾ ಸಾಲ್ಯಾಗ ಮತ್ತೊಬ್ಬಗ ಹೊಡೀತಾನ. ನಾ ಎಷ್ಟ ಮನಿಗಂತ ತಾಟು ಹೊತ್ತೊಯ್ಯಲಿ? ಇನ್ನೊಮ್ಮೆ ಹೊಡದಿ ಅಂದ್ರ ಆ ತಾಟು ನಿನ್ನ ಕೈಗೆ ಕೊಡತೀನಿ." ಕೆಲವು ದಿನ ಆ ಮನುಷ್ಯ ಪ್ಯಾಂಟಿಗೆ ಸುತಳಿ ಕಟ್ಟಿಕೊಂಡು ತಿರುಗಿದ. ಹೊಸ ಬೆಲ್ಟ್ ತಂದನೋ ಇಲ್ಲವೋ ನೋಡಲಿಲ್ಲ. ಆ ಮನೆಯಿಂದ ಹುಡುಗನ ಚೀರಾಟ ಮಾತ್ರ ಮತ್ತೆ ಕೇಳಲಿಲ್ಲ.

ಅವಳೂ ತಪ್ಪಿದಳು, ಒಮ್ಮೆ. ಶಾಲೆಯಲ್ಲಿ ಹೊಡೆದಾಟವಾಯಿತು ಎಂದು ಯಾರೋ ಹೇಳಿದ್ದೇ ತಡ, ವಿಚಾರಿಸದೆ ಮಗನನ್ನು ಎಳೆದುಕೊಂಡು ಹೋಗಿ ಒಂದು ಮನೆಯಲ್ಲಿ ಕೂರಿಸಿದಳು. ಹುಡುಗ ಏನೋ ಹೇಳಲು ಬಾಯಿ ತೆರೆದ. "ಮುಚ್ಚು" ಎಂದಳು. ಅವನು ಸುಮ್ಮನೆ ಉಂಡು ತಾಟು ತೊಳೆದುಕೊಂಡು ಬಂದ. ಆ ದಿನ ಅವನು ಹೊಡೆದಿರಲಿಲ್ಲ, ಬಿಡಿಸಲು ಹೋಗಿದ್ದ ಎಂದು ಸಂಜೆ ನನ್ನ ಮಗನಿಂದ ತಿಳಿಯಿತು. ನಾನೇ ಹೋಗಿ ಹೇಳಿದೆ. ಅವಳು ತನ್ನ ಉಣ್ಣುವ ತಾಟು ತೆಗೆದುಕೊಂಡು ಅಂಗಳದಲ್ಲಿ, ಗಂಡ ಮತ್ತು ನಾನು ನೋಡುತ್ತಿರುವಾಗ, ಮಗನ ಮುಂದೆ ನೆಲದ ಮೇಲೆ ಕುಳಿತಳು.

"ನೀಡು" ಎಂದಳು.

ಹುಡುಗನಿಗೆ ಅರ್ಥವಾಗಲಿಲ್ಲ. "ಅಮ್ಮಿ, ಬ್ಯಾಡ" ಎಂದು ಹಿಂದೆ ಸರಿದ.

"ಇವತ್ತು ನಾ ನಿನಗ ಹೊಡದೀನಿ. ನೀಡಲೇ."

ಅವನು ಒಳಗೆ ಹೋಗಿ ಅನ್ನ ತಂದು ನೀಡಿದ. ಅರ್ಧ ನೆಲಕ್ಕೆ ಚೆಲ್ಲಿತು. ಅವಳು ನೆಲದ ಮೇಲಿನದನ್ನೂ ಎತ್ತಿ ತಾಟಿಗೆ ಹಾಕಿಕೊಂಡು ಉಂಡಳು. ನಾನು ಅಲ್ಲಿಂದ ಎದ್ದುಬಂದೆ. ಮಕ್ಕಳ ಮುಂದೆ ತಪ್ಪು ಒಪ್ಪಿದರೆ ತಂದೆತಾಯಿಗಳ ಬೆಲೆ ಕಡಿಮೆಯಾಗುತ್ತದೆ ಎಂದು ಈಗಲೂ ಹೇಳುವವರನ್ನು ಕಂಡರೆ ನನಗೆ ಆಗದು.

ಇಷ್ಟಾದ ಮೇಲೆ ಹುಡುಗ ತಣ್ಣಗಾಗಿದ್ದ. ಅಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಚಾಕು ಬಿತ್ತು. ಬಿದ್ದದ್ದು ಬಣ್ಣದಾಕಿಯ ತಮ್ಮನ ಹೊಟ್ಟೆಗೆ.

ಈ ತಮ್ಮ ಹರ್ತಿಯಿಂದ ಬಂದು ಹಮಾಲಿ ಮಾಡುತ್ತ ಅಕ್ಕನ ಮನೆಯಲ್ಲೇ ಇದ್ದ. ಅಂಡಿಗೆಯನ್ನು ದಿಂಬಿನ ಹಾಗೆ ಎತ್ತುವ ಆಳು. ಸೋದರಳಿಯನಿಗೆ ಮಾಮಾ ಎಂದರೆ ಪ್ರಾಣ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಭಾರ ಎತ್ತುವ ಶಕ್ತಿ ಹೋಯಿತು. ಚಾಕು ಹಾಕಿದ ಹಿಂದಿನ ಓಣಿಯ ಹಮಾಲ ಜೈಲು ಸೇರಿದ. ಪೊಲೀಸರ ಭಯಕ್ಕೆ ಅವನ ಗುಂಪಿನವರೇ ಅವನ ಮನೆಯ ಕಡೆ ತಲೆ ಹಾಕುವುದನ್ನು ಬಿಟ್ಟರು. ಮನೆಯಲ್ಲಿ ಉಳಿದವರು ಅವನ ಹೆಂಡತಿ ಮತ್ತು ನಮ್ಮ ಹುಡುಗರ ಶಾಲೆಯಲ್ಲೇ ಓದುತ್ತಿದ್ದ ಒಬ್ಬ ಮಗ.

ಆ ಮಗನಿಗೆ ಶಾಲೆ ನರಕವಾಯಿತು. ಏಳೆಂಟು ಹುಡುಗರು ತಮ್ಮ ಪಾಟೀಚೀಲಗಳನ್ನೆಲ್ಲ ಅವನ ಬೆನ್ನಿಗೆ ಹೇರಿ, "ನಿಮ್ಮಪ್ಪ ಜೇಲಿಗೆ ಹೋಗ್ಯಾನ, ಅವನ ಹಮಾಲಿ ನೀ ಮಾಡು" ಎಂದು ಓಣಿಯ ನಡುವೆ ನಡೆಸಿಕೊಂಡು ಬರುತ್ತಿದ್ದರು. ಕಟ್ಟೆಯ ಮೇಲಿನ ದೊಡ್ಡವರು ನಗುತ್ತಿದ್ದರು, ಕೆಲವರು ಶಾಬಾಸ್ ಎನ್ನುತ್ತಿದ್ದರು. ಮುಂದಾಳು ಬಣ್ಣದಾಕಿಯ ಮಗ. ನಮ್ಮ ಓಣಿಯ ತಾಲೀಮಿನ ಉಸ್ತಾದ ಅವನ ಬೆನ್ನು ಚಪ್ಪರಿಸಿ, ಬರುವ ವಾರದಿಂದ ಕುಸ್ತಿಯ ಮಣ್ಣಿಗೆ ಬಾ, ಮಾಮಾನ ಲೆಕ್ಕ ಚುಕ್ತಾ ಮಾಡಲು ನಿನ್ನನ್ನು ತಯಾರು ಮಾಡುತ್ತೇನೆ ಎಂದಿದ್ದನಂತೆ. ಒಂದು ಶನಿವಾರ ಆ ಹುಡುಗ ಚೀಲ ಹೊರುವುದಿಲ್ಲ ಎಂದ. ಬಣ್ಣದಾಕಿಯ ಮಗ ಕೊಟ್ಟ ಏಟಿಗೆ ಅವನ ಕಿವಿಯಿಂದ ರಕ್ತ ಬಂತು.

ನನಗೆ ನನ್ನ ಮಗ ಹೇಳಿದ, ನಾನು ಅವಳಿಗೆ ಹೇಳಿದೆ. ಹೇಳುವಾಗ ಹೆದರಿಕೆಯಾಗಿತ್ತು. ಒಳಗೆ ತಮ್ಮ ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ. ಅವಳು ಕೇಳಿದಳು, ಕೈ ಒರೆಸಿಕೊಂಡಳು, ಒಳಗೆ ಹೋಗಿ ಜರ್ಮನ್ ತಾಟು ತಂದಳು.

ತಮ್ಮ ಮಲಗಿದಲ್ಲಿಂದಲೇ ಕೂಗಿದ. ಅವರದು ಮನೆಯೊಳಗೆ ಉರ್ದು. ಅವತ್ತು ಓಣಿಗೆಲ್ಲ ಕೇಳಲಿ ಎಂದೇ ಕನ್ನಡದಲ್ಲಿ ಕೂಗಿದ. "ಆಪಾ, ಅವರ ಹೊಸ್ತಿಲಾ ತುಳದಿ ಅಂದ್ರ ನನ್ನ ಹೆಣಾ ನೋಡತಿ!"

"ನಿನಗ ಚಾಕು ಹಾಕಿದಾವ ಜೇಲಿನ್ಯಾಗ ಅದಾನ. ಆ ಹುಡುಗ ಚಾಕು ಹಾಕಿಲ್ಲ."

"ಆ ಮನಿ ಕೂಳು ತಿನ್ನಸ್ತೀ ನನ್ನ ಅಳಿಯಗ?"

"ತಿನ್ನಸ್ತೀನಿ. ಇವತ್ತು ತಿನ್ನಸಲಿಲ್ಲ ಅಂದ್ರ ನಾಳೆ ಇವನೂ ಜೇಲಿನ ಕೂಳು ತಿಂತಾನ." ಮಗ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ. ಅವಳಿಗಿಂತ ಎತ್ತರವಾಗಿದ್ದ, ಬರುವುದಿಲ್ಲ ಎಂದಿದ್ದರೆ ಎಳೆದೊಯ್ಯುವ ಶಕ್ತಿ ಅವಳಲ್ಲಿರಲಿಲ್ಲ. ಅವಳು ಎಳೆಯಲೂ ಇಲ್ಲ. ಅವನ ಮುಖ ನೋಡಿ, "ನಾ ನಿನ್ನ ಮುಂದ ಕುಂತು ಉಂಡೀನಿ" ಎಂದಳು, ಅಷ್ಟೇ. ಅವನು ಚೌಕಟ್ಟು ಬಿಟ್ಟ. ಹೊರಗೆ ಬಂದವಳು ನನ್ನನ್ನು ನೋಡಿ, "ಗಾರ್ಡ್‌ಬಾಯಿ, ನೀವೂ ಬರ್ರಿ. ನನಗೂ ಎದಿ ಹೊಡಕೊಳ್ಳಾಕತ್ತೈತಿ" ಎಂದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ಎರಡು ಓಣಿ ಕೂಡುವಲ್ಲಿ ಒಂದು ಕಿರಾಣಿ ಅಂಗಡಿ. ಅದರ ಕಟ್ಟೆಯ ಮೇಲೆ ಉಸ್ತಾದ ಮತ್ತು ನಾಲ್ಕು ಪೈಲ್ವಾನರು ಕುಳಿತಿದ್ದರು. ಉಸ್ತಾದ ತಾಟು ನೋಡಿದ.

"ನಿನ್ನ ತಮ್ಮನ ಹೊಲಿಗಿ ಇನ್ನೂ ಆರಿಲ್ಲ. ಮಗನ್ನ ಕರಕೊಂಡು ಆ ಮನಿಗಿ ಉಣ್ಣಾಕ ಹೊಂಟೀಯೇನು? ನಾಚಿಗಿ ಬರಂಗಿಲ್ಲ?"

"ನೀವು ಹುಡುಗೂರಿಗೆ ಕುಸ್ತಿ ಕಲಸ್ರಿ. ಉಣ್ಣೋದು ನಾ ಕಲಸ್ತೀನಿ" ಎಂದು ಅವಳು ನಡೆಯುತ್ತಲೇ ಹೇಳಿದಳು.

ಆ ಮನೆಯ ಬಾಗಿಲು ಹಾಕಿತ್ತು. ನಮ್ಮನ್ನು ಕಿಂಡಿಯಲ್ಲಿ ನೋಡಿದ ಹೆಂಗಸು ಒಳಗಿನಿಂದಲೇ ಅತ್ತಳು. "ಸಾಲ್ಯಾಗ ಹೊಡದ್ದು ಸಾಲಲಿಲ್ಲೇನ್ರಿ? ಮನೀತನಕ ಬಂದ್ರಿ?" ಬಣ್ಣದಾಕಿ ಮಗನನ್ನು ಬಾಗಿಲ ಮುಂದೆ ಕೂರಿಸಿ ತಾಟು ಇಟ್ಟಳು. "ಹೊಡಿಯಾಕ ಬಂದಿಲ್ಲವ್ವ. ಹೊಡದಾವನ್ನ ಕರಕೊಂಡು ಬಂದೀನಿ. ಇವಗ ಉಣ್ಣಾಕ ನೀಡು." ನಾವು ನಿಂತೆವು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದವನು ಆ ಹುಡುಗನೇ. ಕಿವಿಯಲ್ಲಿ ಹತ್ತಿ ಇತ್ತು. ಒಲೆಯ ಮೇಲಿನಿಂದ ಆಗಷ್ಟೇ ಇಳಿಸಿದ ಜೋಳದ ನುಚ್ಚನ್ನು ತಂದು ತಾಟಿಗೆ ಹಾಕಿದ. ಹೊಗೆಯಾಡುತ್ತಿತ್ತು.

ಬಣ್ಣದಾಕಿಯ ಮಗ ಒಂದು ತುತ್ತು ಬಾಯಿಗಿಟ್ಟು ಕೈ ತಡೆದ. ನೀಡಿದವನು ಸಂಕೋಚದಿಂದ ಕೈ ಹಿಚುಕಿಕೊಂಡ.

"ಸಪ್ಪಗೈತಿ. ಉಪ್ಪಿಲ್ಲ. ಉಸ್ತಾದಗ ಅಂಜಿ ಅಂಗಡ್ಯಾವ್ರು ನಮಗ ಏನೂ ಕೊಡವಲ್ರು" ಎಂದ.

ಬಣ್ಣದಾಕಿಯ ಮಗ ತಾಟಿನ ಮುಂದಿನಿಂದ ಎದ್ದ. ನಮ್ಮ ಯಾರ ಮುಖವನ್ನೂ ನೋಡದೆ ಓಣಿಯಲ್ಲಿ ಹೊರಟುಹೋದ. ಮುಗಿಯಿತು, ಓಡಿಹೋದ ಎಂದುಕೊಂಡೆ ನಾನು. ಬಣ್ಣದಾಕಿ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಅವನ ಹಿಂದೆ ಹೋದೆವು. ಅವನು ಮನೆಯ ಕಡೆ ತಿರುಗಲಿಲ್ಲ. ಸೀದಾ ಕಿರಾಣಿ ಅಂಗಡಿಗೆ ಹೋಗಿ, ಉಸ್ತಾದ ಕುಳಿತಿದ್ದ ಕಟ್ಟೆಯ ಮುಂದೆ ನಿಂತು ಉಪ್ಪು ಕೇಳಿದ.

"ಯಾರ ಮನಿಗಿ?" ಅಂಗಡಿಯವನು ಉಸ್ತಾದನ ಮುಖ ನೋಡುತ್ತ ಕೇಳಿದ.

"ನಾ ಉಣ್ಣಾಕತ್ತೀನಲ್ಲ, ಆ ಮನಿಗಿ."

ಉಸ್ತಾದ ಎದ್ದು ನಿಂತ. ಹುಡುಗ ಅವನನ್ನು ಒಮ್ಮೆ ನೋಡಿ ಅಂಗಡಿಯವನ ಕಡೆ ತಿರುಗಿದ.

"ಜಲ್ದಿ ಕೊಡ್ರಿ. ನುಚ್ಚು ಆರಾಕತ್ತೈತಿ."

ಅಂಗಡಿಯವನ ಕೈ ಉಪ್ಪಿನ ಚೀಲಕ್ಕೆ ಹೋಯಿತು.